ಕರಿಹಲಗೆಯ ಮೇಲಿನ ಕೆಟ್ಟ ಮಾತು

ಬೆಳಗಿನ ಪ್ರಾರ್ಥನೆ ಮುಗಿಸಿ ಮಕ್ಕಳು ತರಗತಿಯಲ್ಲಿ ಬಂದು ಕುಳಿತಿರುತ್ತಾರೆ. ಹಾಜರಿ ಪುಸ್ತಕ ಹಿಡಿದು ಮಾಸ್ತರರು ಒಳಗೆ ಕಾಲಿಡುತ್ತಲೇ ಕರಿಹಲಗೆಯ ಮೇಲೆ ಬರೆದ ಮಾತೊಂದು ಕಣ್ಣಿಗೆ ಬೀಳುತ್ತದೆ. ಅದು ಒಬ್ಬ ಹುಡುಗನ ಜಾತಿ ಹಿಡಿದು ಆಡಿದ ಬೈಗುಳವಾಗಿರಬಹುದು. ಒಬ್ಬ ಹುಡುಗಿಯ ಧರ್ಮವನ್ನು ಹೀಯಾಳಿಸುವ ಚಿತ್ರವಾಗಿರಬಹುದು. ಬರೆದವರಾರೆಂದು ಇಡೀ ತರಗತಿಗೆ ಗೊತ್ತು. ಯಾರನ್ನು ಕುರಿತು ಬರೆದದ್ದೆಂಬುದೂ ಗೊತ್ತು. ಎಲ್ಲರ ಕಣ್ಣೂ ಈಗ ಮಾಸ್ತರರ ಮುಖದ ಮೇಲೆಯೇ. ಆ ಅರ್ಧ ನಿಮಿಷದಲ್ಲಿ ಅವರು ಮಾಡುವುದೇನು?

ಬಹುಮಟ್ಟಿಗೆ ನಡೆಯುವುದು ಇಷ್ಟೆ: ಮಾಸ್ತರರು ಡಸ್ಟರು ತೆಗೆದುಕೊಂಡು ಆ ಮಾತನ್ನು ಒರೆಸುತ್ತಾರೆ, "ಪುಸ್ತಕ ತೆಗೆಯಿರಿ" ಎಂದು ಪಾಠ ಆರಂಭಿಸುತ್ತಾರೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಮಾತು ಬೆಳೆಸಿದರೆ ಊರಿಗೆಲ್ಲ ಹಬ್ಬೀತೆಂಬ ಅಂಜಿಕೆ, ಪಾಠ ಹಿಂದೆ ಬಿದ್ದೀತೆಂಬ ಅವಸರ, ಹುಡುಗಾಟಿಕೆಗೆ ಇಷ್ಟೇಕೆಂಬ ಉದಾಸೀನ, ಇವೆಲ್ಲ ಕೂಡಿ ಅವರ ಬಾಯಿ ಕಟ್ಟುತ್ತವೆ. ಆದರೆ ಮಕ್ಕಳು ಆ ಮೌನವನ್ನೂ ಪಾಠವೆಂದೇ ಓದಿಕೊಳ್ಳುತ್ತಾರೆ. ಬರೆದವನಿಗೆ ಅದು ಅಪ್ಪಣೆಯಂತೆ ಕಾಣುತ್ತದೆ. ನೊಂದವನಿಗೆ, ತನ್ನ ಪರವಾಗಿ ಮಾತಾಡುವವರು ಇಲ್ಲಿ ಯಾರೂ ಇಲ್ಲವೆಂಬ ತೀರ್ಪಿನಂತೆ ಕೇಳುತ್ತದೆ.

ಇಂಥ ಸಂದರ್ಭದಲ್ಲಿ ಅಧ್ಯಾಪಕನ ಕರ್ತವ್ಯವೇನೆಂಬುದನ್ನು ಕೆಲವು ನಿಜವಾದ ನಿದರ್ಶನಗಳನ್ನಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪಾಟಿ ಚೀಲದಲ್ಲಿ ಬರುವ ಊರು

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲೂಕಿನ ಕಾಖಂಡಕಿಯನ್ನು ಅನೇಕರು ಕಾರಹುಣ್ಣಿಮೆಯ ಕರಿಯಿಂದ, ಅಲ್ಲಿಯ ಎತ್ತುಗಳ ಓಟದಿಂದ ಬಲ್ಲರು. ದಾಸಸಾಹಿತ್ಯದ ಅಭ್ಯಾಸಿಗಳು ಅದನ್ನು ಮಹಿಪತಿದಾಸರ ಊರೆಂದು ಬಲ್ಲರು. ಇಂಥ ಒಂದು ಊರಿನ ಶಾಲೆಗೆ ಬರುವ ಮಗು ಪುಸ್ತಕಗಳನ್ನಷ್ಟೇ ಹೊತ್ತು ಬರುವುದಿಲ್ಲ. ಓಣಿಯ ಮಾತು, ಕಟ್ಟೆಯ ಹರಟೆ, ಮನೆಯ ಹಿರಿಯರ ಸಿಟ್ಟು, ಈಗೀಗ ಮೊಬೈಲಿನಲ್ಲಿ ಹರಿದು ಬರುವ ಚಿತ್ರಗಳು, ಇವೆಲ್ಲವೂ ಅದರ ಪಾಟಿ ಚೀಲದಲ್ಲಿ ಸೇರಿಕೊಂಡೇ ಬರುತ್ತವೆ. ಕಾಖಂಡಕಿಯಾಗಲಿ ವಿಜಯಪುರ ನಗರವಾಗಲಿ, ಈ ಮಾತಿಗೆ ಹೊರತಲ್ಲ.

2024ರ ಅಕ್ಟೋಬರಿನಲ್ಲಿ ಟಿಕೋಟಾ ತಾಲೂಕಿನ ಹೊನವಾಡದ ರೈತರ ಜಮೀನು ಮತ್ತು ವಕ್ಫ್ ಆಸ್ತಿಯ ವಿವಾದ ಎದ್ದಾಗ ಅದು ಜಿಲ್ಲೆಯ ಮೂಲೆಮೂಲೆಯಲ್ಲಿಯೂ ಚರ್ಚೆಯ ವಿಷಯವಾಯಿತು. ಜಮೀನು ಯಾರದೆಂಬುದನ್ನು ಕಾಗದಪತ್ರ ಹೇಳಬೇಕು, ಕಾಯದೆ ಹೇಳಬೇಕು. ಆದರೆ ಅಂಥ ದಿನಗಳಲ್ಲಿ ಐದನೆಯ ಇಯತ್ತೆಯ ಹುಡುಗನೊಬ್ಬ ಪಕ್ಕದಲ್ಲಿ ಕುಳಿತ ಗೆಳೆಯನ ಕಡೆಗೆ ಬೆರಳು ಮಾಡಿ "ನಿಮ್ಮವರು" ಎಂದನೆನ್ನಿ. ಅದಕ್ಕೆ ಉತ್ತರ ಹೇಳಬೇಕಾದವರು ತಹಶೀಲ್ದಾರರಲ್ಲ, ಮಾಸ್ತರರು. ಹಿರಿಯರ ವ್ಯಾಜ್ಯಕ್ಕೆ ಕೋರ್ಟುಂಟು. ಮಕ್ಕಳ ಮನಸ್ಸಿನಲ್ಲಿ ಬಿದ್ದ ಬಿರುಕಿಗೆ ಶಾಲೆಯಲ್ಲದೆ ಬೇರೆ ಕೋರ್ಟಿಲ್ಲ.

ಧಾರವಾಡದ ಒಬ್ಬ ಬಾಲಕ

ತರಗತಿಯಲ್ಲಿ ಯಾರು ಕುಳಿತುಕೊಳ್ಳಬಹುದೆಂಬ ಪ್ರಶ್ನೆ ಕನ್ನಡನಾಡಿನಲ್ಲಿ ಸರಕಾರದ ಮೇಜಿನ ಮೇಲೆ ಬಂದದ್ದು ಇಂದು ನಿನ್ನೆಯಲ್ಲ. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಬಾಲಕನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಮಾಡಿಕೊಂಡನು. ಅವನಿಗೆ ಪ್ರವೇಶ ದೊರೆಯಲಿಲ್ಲ. ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಆಗ ಧಾರವಾಡವೂ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಧಿಕಾರಿಗಳು ಕೊಟ್ಟ ಉತ್ತರ ವಿಚಿತ್ರವಾದುದು. ನ್ಯಾಯ ಹುಡುಗನ ಕಡೆಗೇ ಇದೆಯೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಈ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟಾರು, ಒಬ್ಬನಿಗಾಗಿ ಬಹುಜನರಿಗೆ ಶಾಲೆ ನಿರುಪಯೋಗವಾದೀತು ಎಂದು ಹೇಳಿ ಕೈಚೆಲ್ಲಿದರು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಬಂಗಾಳದಲ್ಲಾಗಿದ್ದರೆ ಇಂಥ ಹುಡುಗನನ್ನು ಹೊರಗಿಡುತ್ತಿರಲಿಲ್ಲವೆಂದು ಭಾರತ ಸರಕಾರ 1857ರಲ್ಲಿ ಅಭಿಪ್ರಾಯಪಟ್ಟಿತು. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ಲಂಡನ್ನಿನ ಕಂಪನಿ ನಿರ್ದೇಶಕರು 1858ರಲ್ಲಿ ಬರೆದು ಕಳಿಸಿದರು. ತತ್ತ್ವ ಗೆದ್ದಿತು. ಆದರೆ ಕಾಗದದ ಮೇಲಿನ ತತ್ತ್ವ ಬೆಂಚಿನವರೆಗೆ ನಡೆದು ಬರಲು ಎಷ್ಟೋ ದಶಕಗಳು ಹಿಡಿದವು. ಈ ಧಾರವಾಡದ ಪ್ರಕರಣವನ್ನು ಮುಂದೆ ಡಾ. ಅಂಬೇಡ್ಕರರು ತಮ್ಮ ಬರಹಗಳಲ್ಲಿ ಎತ್ತಿ ತೋರಿಸಿದರು.

ಈ ಹಳೆಯ ಕಥೆಯನ್ನು ಇಲ್ಲಿ ಹೇಳಿದುದಕ್ಕೆ ಕಾರಣವುಂಟು. "ಒಬ್ಬನಿಗಾಗಿ ಎಲ್ಲರನ್ನೂ ಎದುರುಹಾಕಿಕೊಳ್ಳುವುದೇ?" ಎಂಬ 1856ರ ಲೆಕ್ಕವನ್ನು ಇಂದಿಗೂ ನಾವು ಮಾಡುತ್ತಿದ್ದೇವೆ. ಕರಿಹಲಗೆಯ ಮೇಲಿನ ಬೈಗುಳವನ್ನು ಸದ್ದಿಲ್ಲದೆ ಒರೆಸುವ ಮಾಸ್ತರರು ಮಾಡುವುದೂ ಅದೇ ಲೆಕ್ಕ. ನೊಂದವನು ಒಬ್ಬ, ನಕ್ಕವರು ಮೂವತ್ತೊಂಬತ್ತು. ಆದುದರಿಂದ ಮೂವತ್ತೊಂಬತ್ತರ ಶಾಂತಿಯೇ ಮೇಲು! ಆದರೆ ಆ ಮೂವತ್ತೊಂಬತ್ತು ಮಕ್ಕಳಿಗೂ ಇದರಿಂದ ನಷ್ಟವೇ. ಬಲವುಳ್ಳವನ ಕಡೆಗೇ ಶಾಲೆಯೂ ವಾಲುತ್ತದೆಂಬ ಪಾಠವನ್ನು ಅವರು ಕಲಿತು ಹೋಗುತ್ತಾರೆ.

ಮೊದಲು ಮಾಸ್ತರರ ನಾಲಗೆ

ಮಕ್ಕಳ ಮಾತನ್ನು ತಿದ್ದುವ ಮೊದಲು ನಮ್ಮ ಮಾತನ್ನು ನೋಡಿಕೊಳ್ಳಬೇಕು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಇದು ಲೇಖಕರು ಹೊಸದಾಗಿ ಕಟ್ಟಿದ ಪದವಲ್ಲ. ಸರಕಾರದ ಮೀಸಲಾತಿ ಪಡೆದ ದಲಿತರನ್ನು ಹಂಗಿಸಲು ಜನ ಆಡುತ್ತಿದ್ದ ಕುಹಕದ ಮಾತು. ಅದನ್ನೇ ಎತ್ತಿಕೊಂಡು ಅವರು ಪುಸ್ತಕದ ಮುಖಪುಟದ ಮೇಲೆ ಇಟ್ಟರು. ಇಂಥ ಮಾತು ಮೊದಲು ಹುಟ್ಟುವುದು ಮಕ್ಕಳ ಬಾಯಲ್ಲಲ್ಲ. ಶಿಷ್ಯವೇತನದ ಅರ್ಜಿ ಹಂಚುವಾಗ "ಎಸ್.ಸಿ.ಯವರು ಎದ್ದು ನಿಲ್ಲಿರಿ" ಎಂದು ತರಗತಿಯಲ್ಲಿ ಕೂಗುವ ಪದ್ಧತಿಯಿಂದ, ಶಿಕ್ಷಕರ ಕೊಠಡಿಯ ಚಹಾದ ಹರಟೆಯಿಂದ, ಅಡ್ಡಹೆಸರು ಹಿಡಿದು ಕರೆಯುವ ರೂಢಿಯಿಂದ ಅದು ಇಳಿದು ಬರುತ್ತದೆ. ಕೂಗಿದ ಗುಮಾಸ್ತನ ಮನಸ್ಸಿನಲ್ಲಿ ಕೇಡಿಲ್ಲದಿರಬಹುದು. ಎದ್ದು ನಿಂತ ಹುಡುಗನಿಗೆ ಮಾತ್ರ ಆ ಒಂದು ಗಳಿಗೆ ಬಹುಕಾಲ ಮರೆಯುವುದಿಲ್ಲ.

ಉನ್ನತ ವಿದ್ಯಾಭ್ಯಾಸದ ಸ್ಥಳಗಳೂ ಇದಕ್ಕೆ ಹೊರತಲ್ಲ. 2022ರ ನವೆಂಬರಿನಲ್ಲಿ ಮಣಿಪಾಲದ ಇಂಜಿನಿಯರಿಂಗ್ ಕಾಲೇಜೊಂದರ ತರಗತಿಯಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಂ ವಿದ್ಯಾರ್ಥಿಯೊಬ್ಬನನ್ನು ಮುಂಬಯಿ ದಾಳಿಯ ಉಗ್ರನ ಹೆಸರಿನಿಂದ ಕರೆದರು. ಹುಡುಗ ತಲೆತಗ್ಗಿಸಿ ಕೂಡಲಿಲ್ಲ. ಅದು ನಗೆಯ ಮಾತಲ್ಲವೆಂದು ಸಮಾಧಾನದಿಂದಲೇ, ಆದರೆ ಗಟ್ಟಿಯಾಗಿ ಹೇಳಿದನು. ನೀನು ನನ್ನ ಮಗನಿದ್ದಂತೆ ಎಂದು ಅಧ್ಯಾಪಕರು ಸಮಜಾಯಿಷಿ ಹೇಳಿದಾಗ, ನಿಮ್ಮ ಮಗನನ್ನು ಹೀಗೆ ಕರೆಯುವಿರಾ ಎಂದು ಕೇಳಿದನು. ಅಧ್ಯಾಪಕರು ಕ್ಷಮೆ ಕೇಳಿದರು. ಸಂಸ್ಥೆ ವಿಚಾರಣೆಗೆ ಆಜ್ಞೆ ಮಾಡಿ ಅವರನ್ನು ಪಾಠದಿಂದ ದೂರವಿರಿಸಿತು. ಇಲ್ಲಿ ಪಾಠ ಹೇಳಿದವನು ವಿದ್ಯಾರ್ಥಿ. ಆದರೆ ಎಲ್ಲ ಮಕ್ಕಳಿಗೂ ಆ ಧೈರ್ಯವಿರುವುದಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ನೊಂದವನೇ ತನ್ನ ವಕೀಲನೂ ಆಗಬೇಕಾಗಿ ಬಂದರೆ ಅಧ್ಯಾಪಕನ ಕುರ್ಚಿ ಖಾಲಿಯಾದಂತೆಯೇ ಸರಿ.

ಒಂದು ಗುರುತು, ಹಲವು ಅರ್ಥ

ಬೈಗುಳಕ್ಕಿಂತ ಚಿಹ್ನೆಯ ಪ್ರಶ್ನೆ ತುಸು ತೊಡಕಿನದು. ಬೈಗುಳದ ಅರ್ಥ ಎಲ್ಲರಿಗೂ ತಿಳಿಯುತ್ತದೆ. ಚಿಹ್ನೆಯ ಅರ್ಥ ಅದನ್ನು ಯಾರು, ಎಲ್ಲಿ, ಯಾರ ಎದುರಿಗೆ ಇಟ್ಟರೆಂಬುದರ ಮೇಲೆ ನಿಲ್ಲುತ್ತದೆ.

ಸ್ವಸ್ತಿಕವನ್ನೇ ನೋಡಿರಿ. ನಮ್ಮ ಮನೆಯ ಹೊಸ್ತಿಲಲ್ಲಿ, ದೀಪಾವಳಿಯ ದಿನ ವ್ಯಾಪಾರಿಯ ಹೊಸ ಲೆಕ್ಕದ ಪುಸ್ತಕದಲ್ಲಿ, ಜೈನ ಬಸದಿಯಲ್ಲಿ ಅದು ಮಂಗಳದ ಗುರುತು. ಜರ್ಮನಿಯ ನಾತ್ಸಿ ಪಕ್ಷ 1920ರಲ್ಲಿ ಅದೇ ಬಗೆಯ ಕೊಕ್ಕೆಯ ಆಕಾರವನ್ನು ತನ್ನ ಬಾವುಟಕ್ಕೆ ತೆಗೆದುಕೊಂಡಿತು; 1935ರಲ್ಲಿ ಅದು ಆ ದೇಶದ ಬಾವುಟವೇ ಆಯಿತು. ಅದರ ಕೆಳಗೆ ಅರುವತ್ತು ಲಕ್ಷ ಯಹೂದ್ಯರ ಕೊಲೆ ನಡೆಯಿತು. ಹೊರದೇಶದಲ್ಲಿ ನೆಲೆಸಿದ ಕನ್ನಡದ ಮನೆಯೊಂದರ ಮಗು ಹಬ್ಬದ ಕಾರ್ಡಿನ ಮೇಲೆ ರಂಗೋಲಿಯ ಸ್ವಸ್ತಿಕ ಬರೆದುಕೊಂಡು ಶಾಲೆಗೆ ಹೋಯಿತೆಂದು ಭಾವಿಸೋಣ. ನಿಯಮವನ್ನಷ್ಟೇ ಬಲ್ಲ ಶಿಕ್ಷಕಿ ಮಗುವನ್ನು ಅಪರಾಧಿಯೆಂದು ನಿಲ್ಲಿಸುತ್ತಾಳೆ. ಇತ್ತ "ಇದು ನಮ್ಮದು, ಯಾರೇನು ಕೇಳುವುದು?" ಎಂದಷ್ಟೇ ಹೇಳುವ ತಂದೆತಾಯಿಗಳು, ಅದೇ ಬೆಂಚಿನಲ್ಲಿ ಕುಳಿತ ಯಹೂದಿ ಮಗುವಿನ ಅಜ್ಜಿ ಅನುಭವಿಸಿದ ಭಯವನ್ನು ಕಾಣದೆ ಹೋಗುತ್ತಾರೆ. ಎರಡು ಚರಿತ್ರೆಗಳನ್ನೂ ಬಲ್ಲವರು ಮಾತ್ರ ಎರಡು ಮಕ್ಕಳನ್ನೂ ಕಾಯಬಲ್ಲರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾತ್ಸಿ ಚಿಹ್ನೆಯ ಪ್ರದರ್ಶನವನ್ನು ನಿಷೇಧಿಸಿದಾಗ ಧಾರ್ಮಿಕ ಸ್ವಸ್ತಿಕಕ್ಕೆ ವಿನಾಯಿತಿ ಕೊಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಾಯದೆಯೂ ಇಂಥದೇ ಭೇದವನ್ನು ಸ್ಪಷ್ಟಪಡಿಸಿತು.

ಇದಕ್ಕೆ ವಿರುದ್ಧವಾದ ನಿದರ್ಶನ ನೆರೆಯ ತಮಿಳುನಾಡಿನದು. ಅಲ್ಲಿಯ ತೆಂಕಣ ಜಿಲ್ಲೆಗಳ ಕೆಲವು ಶಾಲೆಗಳಲ್ಲಿ ಹುಡುಗರು ಮಣಿಕಟ್ಟಿಗೆ ಬಣ್ಣಬಣ್ಣದ ದಾರ ಕಟ್ಟಿಕೊಂಡು ಬರುತ್ತಿದ್ದರು. ಹೊರಗಿನವರಿಗೆ ಅದು ಬರಿಯ ಅಲಂಕಾರ. ಒಳಗಿನವರಿಗೆ ಯಾರು ಯಾವ ಜಾತಿಯೆಂಬ ಸಾರೋಲೆ. 2019ರಲ್ಲಿ ಶಿಕ್ಷಣ ಇಲಾಖೆ ಇದನ್ನು ತಡೆಯಲು ಸುತ್ತೋಲೆ ಹೊರಡಿಸಿತು. ಆದರೂ 2023ರ ಆಗಸ್ಟಿನಲ್ಲಿ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಮೇಲೆ, ಬಿಡಿಸಲು ಬಂದ ಅವನ ತಂಗಿಯ ಮೇಲೆ, ಅವರ ಮನೆಗೇ ನುಗ್ಗಿ ಶಾಲೆಯ ಹುಡುಗರು ಕತ್ತಿಯಿಂದ ಹಲ್ಲೆ ಮಾಡಿದರು. ತಾನು ಅನುಭವಿಸುತ್ತಿದ್ದ ಕಾಟವನ್ನು ಆತ ಶಾಲೆಗೆ ತಿಳಿಸಿದ ಬೆನ್ನಿಗೇ ಇದು ನಡೆಯಿತು. ಆಮೇಲೆ ಸರಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ 2024ರ ಜೂನಿನಲ್ಲಿ ವರದಿ ಕೊಟ್ಟಿತು. ಜಾತಿ ಸೂಚಿಸುವ ದಾರಗಳನ್ನು ಶಾಲೆಯಲ್ಲಿ ನಿಷೇಧಿಸಬೇಕೆಂಬುದು ಅದರ ಸಲಹೆಗಳಲ್ಲಿ ಒಂದು. ದಾರ ಕತ್ತರಿಸುವುದು ಅಗತ್ಯವೇ. ಆದರೆ ದಾರ ಕಟ್ಟಿದ ಮನಸ್ಸನ್ನು ಮುಟ್ಟದಿದ್ದರೆ, ದೂರು ಕೊಟ್ಟ ಮಗುವಿಗೆ ಆ ದಿನವೇ ರಕ್ಷಣೆ ದೊರೆಯದಿದ್ದರೆ, ನಿಷೇಧದ ಫಲ ಅಲ್ಪ.

ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಮರೆಯಲಾಗದು. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ ಕಚೇರಿಯ ಎದುರಿಗೆ ಪಾಕಿಸ್ತಾನದ ಬಾವುಟ ಹಾರಿದ್ದು ಕಂಡುಬಂದಿತು. ಪಟ್ಟಣದಲ್ಲಿ ಉದ್ರೇಕ ಹಬ್ಬಿತು; ಒಂದು ಸಮುದಾಯದ ಕಡೆಗೆ ಬೆರಳು ತೋರಿಸಲಾಯಿತು. ಕೆಲವೇ ದಿನಗಳಲ್ಲಿ ಪೊಲೀಸರು ಬಂಧಿಸಿದ ತರುಣರು ಆ ಸಮುದಾಯದವರಾಗಿರಲಿಲ್ಲ. ಕೋಮುಗಳ ನಡುವೆ ಕಲಹ ಹಚ್ಚುವುದಕ್ಕಾಗಿಯೇ ಹೀಗೆ ಮಾಡಲಾಯಿತೆಂಬುದು ಪೊಲೀಸರ ಆರೋಪವಾಗಿತ್ತು. ಆರೋಪದ ನಿರ್ಣಯ ನ್ಯಾಯಾಲಯದ ಕೆಲಸ. ತರಗತಿಗೆ ಬೇಕಾದ ನೀತಿ ಇಷ್ಟು: ಚಿಹ್ನೆಯೊಂದು ಕಂಡೊಡನೆ "ಇದು ಅವರದೇ" ಎಂದು ತೀರ್ಪು ಕೊಡುವ ಮೊದಲು, "ಇದನ್ನು ಇಲ್ಲಿಟ್ಟವರಾರು? ಏತಕ್ಕಾಗಿ ಇಟ್ಟರು?" ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು.

2022ರ ಫೆಬ್ರವರಿಯಲ್ಲಿ ನಮ್ಮ ಕಾಲೇಜುಗಳ ಬಾಗಿಲಲ್ಲಿ ಶಿರವಸ್ತ್ರಕ್ಕೂ ಶಾಲಿಗೂ ನಡೆದ ಜಗ್ಗಾಟವನ್ನು ಓದುಗರು ಬಲ್ಲರು. ಸಮವಸ್ತ್ರದ ಪ್ರಶ್ನೆಯಲ್ಲಿ ಆ ವರ್ಷದ ಮಾರ್ಚಿನಲ್ಲಿ ಹೈಕೋರ್ಟು ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿಗಳಲ್ಲಿಯೇ ಒಮ್ಮತವಿಲ್ಲದ ವಿಷಯದಲ್ಲಿ ಅಧ್ಯಾಪಕ ತೀರ್ಪುಗಾರನಾಗಬೇಕಿಲ್ಲ. ಆದರೆ ಒಂದು ಭೇದವನ್ನು ಅವನು ತಿಳಿದಿರಬೇಕು. ತನ್ನ ಶ್ರದ್ಧೆಗಾಗಿ ಉಟ್ಟ ಬಟ್ಟೆ ಬೇರೆ, ಮತ್ತೊಬ್ಬರ ಮುಖದ ಮುಂದೆ ಬೀಸುವುದಕ್ಕಾಗಿ ಹಿಡಿದ ಬಟ್ಟೆ ಬೇರೆ.

ತರಗತಿಯಲ್ಲಿ ಮಾಡಬಹುದಾದ್ದು

ಇನ್ನು ಕರಿಹಲಗೆಯ ಮುಂದೆ ನಿಂತ ಮಾಸ್ತರರ ವಿಷಯಕ್ಕೆ ಬರೋಣ.

ಮೊದಲನೆಯದಾಗಿ, ಆ ಗಳಿಗೆಯಲ್ಲಿಯೇ ಮಾತಾಡಬೇಕು. ಆದರೆ ಚಿಕ್ಕದಾಗಿ ಮಾತಾಡಬೇಕು. "ಈ ಮಾತು ಈ ಕೋಣೆಯಲ್ಲಿ ನಡೆಯುವುದಿಲ್ಲ. ಇದು ಯಾರನ್ನೇ ಕುರಿತಿರಲಿ, ನಮ್ಮೆಲ್ಲರಿಗೂ ಅವಮಾನ" ಎಂದರೆ ಸಾಕು. ಅರ್ಧ ತಾಸಿನ ಉಪದೇಶ ಬೇಡ. ನೊಂದ ಮಗುವಿನ ಹೆಸರನ್ನಂತೂ ಎತ್ತಲೇಬಾರದು. "ಪಾಪ, ಅವನಿಗೆ ಹೀಗೆನ್ನಬಾರದು" ಎಂಬ ಕನಿಕರವೂ ಒಂದು ಬಗೆಯ ಗಾಯವೇ.

ಎರಡನೆಯದಾಗಿ, ನೊಂದ ಮಗುವನ್ನು ಅದೇ ದಿನ ಪ್ರತ್ಯೇಕವಾಗಿ ಕಂಡು, ಅದು ಹೇಳುವುದನ್ನು ಪೂರ್ತಿ ಕೇಳಬೇಕು. ಇದು ಮೊದಲ ಸಲವೋ, ದಿನವೂ ನಡೆಯುತ್ತಿರುವುದೋ ಎಂಬುದು ಆಗ ತಿಳಿಯುತ್ತದೆ.

ಮೂರನೆಯದಾಗಿ, ಬರೆದವನನ್ನೂ ಒಬ್ಬನನ್ನೇ ಕರೆಯಬೇಕು. ನಮ್ಮ ಕಡೆಯ ಶಾಲೆಗಳಲ್ಲಿ ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

"ಈ ಮಾತು ನಿನಗ ಯಾರು ಕಲಿಸಿದ್ರಪಾ?"

"ಎಲ್ಲಾರೂ ಹಂಗ ಅಂತಾರ್ರೀ ಸರ್."

"ಎಲ್ಲಾರೂ ಅಂದ್ರ ಯಾರ‍್ಯಾರು?"

ಇಲ್ಲಿ ಹುಡುಗ ಸುಮ್ಮನಾಗುತ್ತಾನೆ. "ಎಲ್ಲಾರೂ" ಎಂಬ ಗುಂಪು ಒಬ್ಬ ಕಾಕಾ, ಒಬ್ಬ ಗೆಳೆಯ, ಮೊಬೈಲಿನ ಒಂದು ಚಿತ್ರವಾಗಿ ಕರಗುತ್ತದೆ. ತಾನು ಕಣ್ಣಾರೆ ಕಾಣದ್ದನ್ನು ಬರೆದೆನೆಂಬುದು ಅವನಿಗೇ ಹೊಳೆಯುತ್ತದೆ. ಬೆತ್ತದಿಂದ ಈ ಕೆಲಸವಾಗದು. 2009ರ ಶಿಕ್ಷಣ ಹಕ್ಕಿನ ಕಾಯದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದೊಂದು ಕಾರಣ. ಹೊಡೆತ ತಿಂದ ಹುಡುಗ ತನ್ನನ್ನೇ ಹುತಾತ್ಮನೆಂದು ಭಾವಿಸಿ, ಸಿಟ್ಟನ್ನು ಮತ್ತೆ ಆ ದುರ್ಬಲನ ಮೇಲೆಯೇ ತೀರಿಸುತ್ತಾನೆಂಬುದು ಅದಕ್ಕಿಂತ ದೊಡ್ಡ ಕಾರಣ. ಹಾಗೆಂದು ಗಂಭೀರವಾದ ಪ್ರಕರಣವನ್ನು ಶಾಲೆಯ ಮರ್ಯಾದೆಯ ನೆಪದಿಂದ ಮುಚ್ಚಿಡಲೂ ಸಲ್ಲದು. ಅಸ್ಪೃಶ್ಯತೆ ಸಂವಿಧಾನದ 17ನೆಯ ವಿಧಿಯಿಂದ ರದ್ದಾದುದು. 1955ರ ಮತ್ತು 1989ರ ಕಾಯದೆಗಳು ಅದರ ಬೆನ್ನಿಗಿವೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ದಿನನಿತ್ಯದ ವ್ಯವಸ್ಥೆ. ಕೋಣೆ ಗುಡಿಸುವ ಪಾಳಿ, ನೀರು ತರುವ ಪಾಳಿ, ಬಿಸಿಯೂಟದ ಸಾಲು ಇವೆಲ್ಲ ಹಾಜರಿ ಸಂಖ್ಯೆಯ ಪ್ರಕಾರ ನಡೆಯಲಿ. ಕುಳಿತುಕೊಳ್ಳುವ ಜಾಗ ವಾರಕ್ಕೊಮ್ಮೆ ಬದಲಾಗಲಿ. ಹಾಜರಿ ಕರೆಯುವಾಗ ಅಡ್ಡಹೆಸರು ಬೇಡ. ಶಿಷ್ಯವೇತನದ ಅರ್ಜಿ ಕಚೇರಿಯಲ್ಲಿ ಒಬ್ಬೊಬ್ಬರ ಕೈಗೆ ಸೇರಲಿ. ಮಾಸ್ತರರೂ ಮಕ್ಕಳ ಸಾಲಿನಲ್ಲಿ ಕುಳಿತು, ಯಾರೇ ಬೇಯಿಸಿರಲಿ, ಆ ಅನ್ನವನ್ನು ಉಣ್ಣಲಿ. ಇದಕ್ಕೆ ಹಣ ಬೇಕಿಲ್ಲ, ಸುತ್ತೋಲೆ ಬೇಕಿಲ್ಲ.

ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರಿನ ಶಿಕ್ಷಕಿ ಜೇನ್ ಎಲಿಯಟ್, 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ಮರುದಿನ ತಮ್ಮ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೇಲ್ಮೆ ಕೊಟ್ಟರು. ಬಳಿಕ ಅದನ್ನು ತಿರುಗುಮುರುಗು ಮಾಡಿದರು. ಕೀಳೆನಿಸಿಕೊಂಡ ಮಕ್ಕಳು ಎಷ್ಟು ಬೇಗ ಕುಗ್ಗಿಹೋದರೆಂಬುದನ್ನು ಕಂಡು ಲೋಕ ಬೆರಗಾಯಿತು. ಎಳೆಯರಿಗೆ ಇಂಥ ನೋವು ಕೊಡುವುದು ಸರಿಯೇ ಎಂಬ ಆಕ್ಷೇಪವೂ ಬಂದಿತು. ನಮ್ಮಲ್ಲಿ ಅಂಥ ಪ್ರಯೋಗ ಹೂಡುವ ಅಗತ್ಯವಿಲ್ಲ. ಅದನ್ನು ಹುಟ್ಟಿನಿಂದಲೇ ಅನುಭವಿಸಿದ ಮಕ್ಕಳು ನಮ್ಮ ಬೆಂಚಿನ ಮೇಲೆಯೇ ಕುಳಿತಿದ್ದಾರೆ.

ಊರಿನಲ್ಲಿಯೇ ಇರುವ ಪಾಠ

ಕನ್ನಡ ಪಾಠ ಹೇಳುವ ನನ್ನಂಥವರಿಗೆ ಇನ್ನೊಂದು ಸಾಧನವುಂಟು. ಅದು ಊರಿನ ನೆನಪು. 17ನೆಯ ಶತಮಾನದ ಮಹಿಪತಿದಾಸರು ವಿಜಯಪುರದ ಆದಿಲಶಾಹಿ ದರಬಾರಿನಲ್ಲಿ ಅಧಿಕಾರದಲ್ಲಿದ್ದವರು. ಸೂಫಿ ಸಾಧಕರ ನುಡಿಯಿಂದ ಅವರ ಬಾಳು ತಿರುಗಿತೆಂದೂ, ಸಾರವಾಡದ ಭಾಸ್ಕರಸ್ವಾಮಿಗಳು ಅವರಿಗೆ ಗುರುಗಳಾದರೆಂದೂ ಸಂಪ್ರದಾಯ ಹೇಳುತ್ತದೆ. ಪದವಿ ಬಿಟ್ಟು ಕಾಖಂಡಕಿಯಲ್ಲಿ ನೆಲೆಸಿದ ಅವರು ಕನ್ನಡದಲ್ಲಿಯೂ ಮರಾಠಿ, ಹಿಂದೂಸ್ತಾನಿಗಳಲ್ಲಿಯೂ ಹಾಡಿದರು. ಅದೇ ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲಶಹ ತನ್ನ 'ಕಿತಾಬ್-ಎ-ನವರಸ'ದಲ್ಲಿ ಸರಸ್ವತಿಯನ್ನು ಸ್ಮರಿಸಿದನು.

ಇದನ್ನು ಹೇಳುವಾಗ ಹಿಂದೆ ಎಲ್ಲವೂ ಸೊಗಸಾಗಿತ್ತೆಂಬ ಅಡಗೂಲಜ್ಜಿಯ ಕಥೆ ಕಟ್ಟಬಾರದು. ಯುದ್ಧಗಳಿದ್ದವು, ಲೂಟಿಗಳಿದ್ದವು, ಅಸ್ಪೃಶ್ಯತೆಯೂ ಇತ್ತು. ಅವುಗಳ ನಡುವೆಯೂ ಒಬ್ಬ ದಾಸರು ಬೇರೆ ಮತದ ಸಾಧಕನ ಮಾತಿಗೆ ಕಿವಿಗೊಟ್ಟರೆಂದು ಈ ಊರು ನೆನಪಿಟ್ಟುಕೊಂಡಿದೆಯಲ್ಲ, ಅದು ಮುಖ್ಯ. "ಅವರು" ಮತ್ತು "ನಾವು" ಎಂಬ ಗೆರೆ ದೇವರು ಎಳೆದದ್ದಲ್ಲವೆಂದು ಕಾಖಂಡಕಿಯ ಮಗುವಿಗೆ ತಿಳಿಸಲು ದೂರದ ದೃಷ್ಟಾಂತ ಬೇಕಾಗಿಲ್ಲ. ಊರೊಳಗಿನ ಆ ದಾಸರ ಸನ್ನಿಧಿಗೆ ಮಕ್ಕಳನ್ನು ಕರೆದೊಯ್ದು, ಅವರ ಬಾಳಿನ ಕಥೆಯನ್ನು ನಡೆದಂತೆ ಹೇಳಿದರೆ ಸಾಕು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಶಾಲೆಯಿಂದ ಬಂದ ಮಗುವನ್ನು "ಎಷ್ಟು ಮಾರ್ಕು ಬಿತ್ತು?" ಎಂದು ನಾವು ತಪ್ಪದೆ ಕೇಳುತ್ತೇವೆ. "ಇಂದು ಯಾರ ಪಕ್ಕದಲ್ಲಿ ಕುಳಿತಿದ್ದೆ? ಅವನ ಮನೆಯಲ್ಲಿ ಎಲ್ಲರೂ ಸೌಖ್ಯವೇ?" ಎಂದೂ ಕೇಳೋಣ. ಆ ಗೆಳೆಯನನ್ನು ಒಂದು ರವಿವಾರ ಊಟಕ್ಕೆ ಕರೆಯೋಣ. ಅವನ ಮನೆಯಿಂದ ಕರೆ ಬಂದರೆ ನಮ್ಮ ಮಗುವನ್ನು ಹಿಂದೆಮುಂದೆ ನೋಡದೆ ಕಳುಹಿಸೋಣ. ಮನೆಯ ಪಡಸಾಲೆಯಲ್ಲಿ ಇಷ್ಟು ನಡೆದರೆ ಮಾಸ್ತರರ ಕೆಲಸ ಅರ್ಧ ಹಗುರಾಗುತ್ತದೆ. ಇಷ್ಟೂ ನಡೆಯದಿದ್ದರೆ ಎಂಥ ಒಳ್ಳೆಯ ಮಾಸ್ತರರಾದರೂ ಒಬ್ಬರೇ ಎಷ್ಟು ಹೊತ್ತಾರು?